ಫಾಸ್ಫೇಟ್ ಗಾಜಿಗೆ ಯಾವ ಲೋಹದ ಆಕ್ಸೈಡ್? ಕೊಡಗಿನ ಪ್ರಯೋಗಾಲಯದಿಂದ ಒಂದು ಹೋಲಿಕೆ

ಕಕ್ಕಡ (ಜುಲೈ–ಆಗಸ್ಟ್) ತಿಂಗಳ ಒಂದು ಸಂಜೆ ಸೋಡಿಯಂ ಫಾಸ್ಫೇಟ್ ಗಾಜಿನ ಬಿಲ್ಲೆಯೊಂದನ್ನು ಡೆಸಿಕೇಟರಿನಲ್ಲಿ, ಅಂದರೆ ತೇವ ಹೀರುವ ವಸ್ತುವಿಟ್ಟು ಮುಚ್ಚುವ ಪಾತ್ರೆಯಲ್ಲಿ, ಇಡಲು ಮರೆತು ಮೇಜಿನ ಮೇಲೆಯೇ ಬಿಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಎತ್ತಿಕೊಂಡಾಗ ಅದು ಬೆರಳಿಗೆ ಅಂಟಿತು. ಹಿಂದಿನ ದಿನ ಕನ್ನಡಿಯಂತೆ ಹೊಳೆಯುತ್ತಿದ್ದ ಮೈ, ಮಳೆಗಾಲದಲ್ಲಿ ಬೆಲ್ಲದ ಅಚ್ಚು ಪಸೆ ಹಿಡಿದಂತೆ ಜಿನುಗುತ್ತಿತ್ತು. ಎಸೆಯುವ ಬದಲು ಅದನ್ನು ಒರೆಸಿ, ಎರಡು ಮುಖಕ್ಕೂ ಬೆಳ್ಳಿ ಪೇಸ್ಟ್ ಬಳಿದು ಅಳತೆಗೆ ಕೂರಿಸಿದೆ. ಕೋಣೆಯ ಉಷ್ಣತೆಯಲ್ಲಿ ವಾಹಕತೆ ಇರಬೇಕಾದದ್ದಕ್ಕಿಂತ ನೂರಾರು ಪಟ್ಟು ಹೆಚ್ಚು ಬಂತು. ಬಿಸಿ ಮಾಡಿದಂತೆ ಏರಬೇಕಾದ ವಾಹಕತೆ ಇಳಿಯುತ್ತಾ ಹೋಯಿತು. ನೂರು ಡಿಗ್ರಿ ದಾಟಿದ ಮೇಲೆ ತಿರುಗಿ ಏರತೊಡಗಿತು. ಇಳಿದ ಭಾಗ ನೀರಿನದು, ಏರಿದ ಭಾಗ ಗಾಜಿನದು. ಎರಡನ್ನೂ ಒಂದೇ ಗೆರೆ ಎಂದು ಓದಿದ್ದರೆ ಇಡೀ ಪ್ರಬಂಧ ತಪ್ಪಾಗುತ್ತಿತ್ತು.

ನಮ್ಮ ಜಿಲ್ಲೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಮಯ ಬಂದಾಗ ಕೇಳುವ ಪ್ರಶ್ನೆ ಒಂದೇ: "ಮೇಡಂ, ಫಾಸ್ಫೇಟ್ ಗಾಜು ಮಾಡುತ್ತೇವೆ, ಯಾವ ಆಕ್ಸೈಡ್ ತೆಗೆದುಕೊಳ್ಳಲಿ?" ಈ ಗಾಜು ಎಂದರೆ ರಂಜಕದ ಆಕ್ಸೈಡಿಗೆ ಲೋಹದ ಆಕ್ಸೈಡ್ ಸೇರಿಸಿ ಕರಗಿಸಿ ತಣಿಸಿದ್ದು. ವೆನೇಡಿಯಂ, ಕಬ್ಬಿಣ, ತಾಮ್ರ, ಸತು, ಲಿಥಿಯಂ, ಸೋಡಿಯಂ, ಹೀಗೆ ಆಯ್ಕೆಗಳು ಹತ್ತಾರು. ಪ್ರತಿಯೊಂದರ ಮೇಲೂ ರಾಶಿ ಸಂಶೋಧನಾ ಲೇಖನಗಳಿವೆ. ಆದರೆ ಆ ಲೇಖನಗಳಲ್ಲಿ ಬಹುಪಾಲು, ಗಾಳಿಯ ತೇವ ಹತೋಟಿಯಲ್ಲಿರುವ ಪ್ರಯೋಗಾಲಯಗಳಲ್ಲಿ ಹುಟ್ಟಿದವು. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹಾಗಾಗಿ ಇಲ್ಲಿ ಕುಳಿತು ಆರಿಸುವವರು ಪ್ರತಿಯೊಂದು ಆಕ್ಸೈಡನ್ನೂ ಎರಡು ತಕ್ಕಡಿಯಲ್ಲಿ ತೂಗಬೇಕು: ಅದು ಗಾಜಿನ ಜಾಲವನ್ನು ನೀರಿನಿಂದ ಕಾಪಾಡುತ್ತದೆಯೇ, ಮತ್ತು ಅದರಲ್ಲಿ ಹರಿಯುವ ವಿದ್ಯುತ್ತನ್ನು ನಮ್ಮಲ್ಲಿರುವ ಮೀಟರಿನಿಂದ ಅಳೆಯಬಹುದೇ.

ಮೊದಲು ಜಾಲದ ಲೆಕ್ಕ

ರಂಜಕದ ಪ್ರತಿ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳು ಚತುಷ್ಫಲಕದ ಮೂಲೆಗಳಲ್ಲಿ ಕುಳಿತಿರುತ್ತವೆ. ಇವುಗಳಲ್ಲಿ ಒಂದು ಜೋಡಿಬಂಧದಲ್ಲಿ ರಂಜಕಕ್ಕೇ ಮೀಸಲು. ಉಳಿದ ಮೂರು ಪಕ್ಕದ ರಂಜಕಗಳ ಜೊತೆ ಸೇತುವೆಯಾಗಬಲ್ಲವು. ಮೂರೂ ಸೇತುವೆಯಾಗಿದ್ದರೆ ಬಲೆ. ಎರಡೇ ಆಗಿದ್ದರೆ ಉದ್ದ ಸರಪಳಿ. ಒಂದೇ ಆದರೆ ಜೋಡಿ ತುಂಡು. ಒಂದೂ ಇಲ್ಲದಿದ್ದರೆ ಒಂಟಿ ಚತುಷ್ಫಲಕ. ಲೇಖನಗಳಲ್ಲಿ ಕ್ಯು-3, ಕ್ಯು-2, ಕ್ಯು-1, ಕ್ಯು-0 ಎಂದು ಬರೆಯುವುದು ಇವನ್ನೇ. ಆ ಅಂಕಿ ಸೇತುವೆಗಳ ಎಣಿಕೆ. ಗಾಜು ಎಂದರೆ ಕ್ರಮಬದ್ಧ ಸಾಲಿಲ್ಲದ ಜಾಲ ಎಂಬ ಚಿತ್ರವನ್ನು ಜಕಾರಿಯಾಸೆನ್ 1932ರಲ್ಲಿ ಕೊಟ್ಟರು. ಇಂದಿಗೂ ನಾವು ಆ ಚಿತ್ರದ ಮೇಲೆಯೇ ಮಾತು ಕಟ್ಟುತ್ತೇವೆ.

ಲೋಹದ ಆಕ್ಸೈಡ್ ಸೇರಿಸಿದಾಗ ಅದು ತನ್ನ ಜೊತೆ ಆಮ್ಲಜನಕವನ್ನೂ ತರುತ್ತದೆ. ಹೀಗೆ ಬಂದ ಪ್ರತಿ ಆಮ್ಲಜನಕ ಒಂದು ಸೇತುವೆಯನ್ನು ಮುರಿಯುತ್ತದೆ. ಎಷ್ಟು ಮುರಿದಿದೆ ಎಂದು ತಿಳಿಯುವ ಸುಲಭ ದಾರಿ ಆಮ್ಲಜನಕ ಮತ್ತು ರಂಜಕದ ಅನುಪಾತ. ಅದು 2.5 ಆಗಿದ್ದರೆ ಬಲೆ, 3 ಆಗಿದ್ದರೆ ಸರಪಳಿ, 3.5 ಆಗಿದ್ದರೆ ಜೋಡಿ, 4 ಆಗಿದ್ದರೆ ಒಂಟಿ.

ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಇಲ್ಲಿಯೇ ಆಗುತ್ತದೆ. 40 ಮೋಲ್ ಶೇಕಡ (ಎಣಿಕೆಯಲ್ಲಿ ನೂರಕ್ಕೆ 40 ಘಟಕ, ತೂಕದಲ್ಲಲ್ಲ) ಸೋಡಿಯಂ ಆಕ್ಸೈಡ್ ಇರುವ ಗಾಜನ್ನು 40 ಮೋಲ್ ಶೇಕಡ ಫೆರಿಕ್ ಆಕ್ಸೈಡ್ ಇರುವ ಗಾಜಿನ ಪಕ್ಕದಲ್ಲಿಟ್ಟು, "ಎರಡರಲ್ಲೂ ಲೋಹದ ಪಾಲು ಒಂದೇ, ಆದ್ದರಿಂದ ವ್ಯತ್ಯಾಸವೆಲ್ಲ ಲೋಹದ್ದು" ಎಂದು ಬರೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಉಳಿದ 60 ಘಟಕ ರಂಜಕದ ಪೆಂಟಾಕ್ಸೈಡ್, ಪ್ರತಿಯೊಂದರಲ್ಲೂ ಎರಡು ರಂಜಕ, ಐದು ಆಮ್ಲಜನಕ. ಸೋಡಿಯಂ ಗಾಜಿನಲ್ಲಿ 120 ರಂಜಕಕ್ಕೆ 40 ಮತ್ತು 300, ಒಟ್ಟು 340 ಆಮ್ಲಜನಕ. ಅನುಪಾತ ಸುಮಾರು 2.83. ಫೆರಿಕ್ ಆಕ್ಸೈಡ್ ಒಂದಕ್ಕೆ ಮೂರು ಆಮ್ಲಜನಕ ತರುವುದರಿಂದ ಅಲ್ಲಿ 120 ಮತ್ತು 300, ಒಟ್ಟು 420, ಅನುಪಾತ 3.5. ಮೊದಲನೆಯದರಲ್ಲಿ ಇನ್ನೂ ಮೂರನೆಯ ಒಂದು ಪಾಲು ಬಲೆ, ಎರಡನೆಯದು ಜೋಡಿ ತುಂಡುಗಳ ರಾಶಿ. ಇವೆರಡನ್ನು ಹೋಲಿಸುವುದು ತೆಂಗಿನ ಮರವನ್ನೂ ಮೆಣಸಿನ ಬಳ್ಳಿಯನ್ನೂ ಎತ್ತರದಲ್ಲಿ ಹೋಲಿಸಿದಂತೆ. ನ್ಯಾಯವಾದ ಹೋಲಿಕೆ ಬೇಕಾದರೆ ಅನುಪಾತವನ್ನು ಒಂದೇ ಇಟ್ಟುಕೊಂಡು ಲೋಹವನ್ನು ಬದಲಿಸಬೇಕು. 50 ಮೋಲ್ ಶೇಕಡ ಸೋಡಿಯಂ ಮತ್ತು 50 ಮೋಲ್ ಶೇಕಡ ಸತುವಿನ ಗಾಜುಗಳೆರಡಕ್ಕೂ ಅನುಪಾತ 3 ಬರುತ್ತದೆ, ಎರಡೂ ಸರಪಳಿಗಳೇ. ಅಲ್ಲಿ ಕಾಣುವ ವ್ಯತ್ಯಾಸ ನಿಜವಾಗಿ ಲೋಹದ್ದು.

ವೆನೇಡಿಯಂ ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅದು ಬರೇ ಸೇತುವೆ ಮುರಿಯುವುದಲ್ಲ, ತಾನೇ ಜಾಲದಲ್ಲಿ ಸೇರಿಕೊಂಡು ವೆನೇಡಿಯಂ–ಆಮ್ಲಜನಕ–ವೆನೇಡಿಯಂ ಸೇತುವೆಗಳನ್ನು ಕಟ್ಟುತ್ತದೆ. ಅದರ ವಿಶೇಷವೂ, ತೊಡಕೂ ಅಲ್ಲಿಯೇ ಇವೆ.

ರಚನೆಯನ್ನು ತೋರಿಸಲು ಎಫ್‌ಟಿಐಆರ್ ರೋಹಿತ, ಅಂದರೆ ಯಾವ ಬಂಧ ಯಾವ ಅವರಕ್ತ ಬೆಳಕನ್ನು ಹೀರಿ ಕಂಪಿಸುತ್ತದೆ ಎಂಬ ನಕ್ಷೆ, ಸಾಕು. ಸೆಂಟಿಮೀಟರಿಗೆ 900 ಅಲೆಗಳ ಸುತ್ತ ರಂಜಕ–ಆಮ್ಲಜನಕ–ರಂಜಕ ಸೇತುವೆಯ ಕಂಪನ, 1100ರ ಸುತ್ತ ಜೋಡಿ ತುಂಡಿನ ಕೊನೆಗಳ ಕಂಪನ, 1250ರಿಂದ 1300ರ ಕಡೆ ಜೋಡಿಬಂಧ ಮತ್ತು ಸರಪಳಿಯ ಸೇತುವೆಯಾಗದ ಆಮ್ಲಜನಕಗಳು. ಲೋಹ ಹೆಚ್ಚಿದಂತೆ 1300ರ ಕಡೆಯ ಪಟ್ಟಿ ಕುಗ್ಗಿ 1100ರ ಕಡೆಯದು ಏಳುವುದನ್ನು ನೋಡಿದರೆ ಬಲೆ ಸರಪಳಿಯಾಗಿ, ಸರಪಳಿ ತುಂಡಾಗುವುದು ಕಣ್ಣಿಗೇ ಕಾಣುತ್ತದೆ. 3400 ಮತ್ತು 1640ರ ಬಳಿ ಎದ್ದಿರುವ ಪಟ್ಟಿಗಳನ್ನು ಅನೇಕರು ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವು ನೀರು ಮತ್ತು ಹೈಡ್ರಾಕ್ಸಿಲ್. ಕೊಡಗಿನಲ್ಲಿ ಮಾಡಿದ ಗಾಜಿನಲ್ಲಿ ಮೊದಲು ನೋಡಬೇಕಾದದ್ದು ಅವನ್ನೇ. ಮಾದರಿಯನ್ನು ಬೆರೆಸುವ ಪೊಟ್ಯಾಸಿಯಂ ಬ್ರೋಮೈಡ್ ಪುಡಿಯೂ ತೇವ ಹೀರುತ್ತದೆ. ಬರಿಯ ಪುಡಿಯ ರೋಹಿತವನ್ನು ಮೊದಲು ತೆಗೆದಿಟ್ಟುಕೊಂಡರೆ ಯಾವ ನೀರು ಯಾರದು ಎಂದು ಬೇರ್ಪಡಿಸಬಹುದು.

ವಿದ್ಯುತ್ ಹರಿಯುವ ಎರಡು ದಾರಿ

ಈ ಗಾಜುಗಳಲ್ಲಿ ವಿದ್ಯುತ್ ಎರಡು ಬಗೆಯಲ್ಲಿ ಸಾಗುತ್ತದೆ. ವೆನೇಡಿಯಂ, ಕಬ್ಬಿಣ, ತಾಮ್ರ, ಮಾಲಿಬ್ಡಿನಂ, ಟಂಗ್‌ಸ್ಟನ್‌ನಂಥ ಲೋಹಗಳು ಎರಡು ವೇಲೆನ್ಸಿಗಳಲ್ಲಿ, ಅಂದರೆ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳ ಎಣಿಕೆ ಬೇರೆಯಾದ ಎರಡು ಸ್ಥಿತಿಗಳಲ್ಲಿ, ಇರಬಲ್ಲವು. ಕಡಿಮೆ ವೇಲೆನ್ಸಿಯ ಅಯಾನಿನಲ್ಲಿರುವ ಒಂದು ಎಲೆಕ್ಟ್ರಾನು ಪಕ್ಕದ ಹೆಚ್ಚಿನ ವೇಲೆನ್ಸಿಯ ಅಯಾನಿಗೆ ಹಾರುತ್ತದೆ. ಆದರೆ ಅದು ಸಲೀಸಾದ ಹಾರಾಟವಲ್ಲ. ಎಲೆಕ್ಟ್ರಾನು ಕುಳಿತಲ್ಲಿ ಸುತ್ತಲಿನ ಪರಮಾಣುಗಳು ಸ್ವಲ್ಪ ಸರಿದು ಗುಂಡಿ ಬೀಳುತ್ತದೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ನಡೆದವರಿಗೆ ಇದು ಚೆನ್ನಾಗಿ ಗೊತ್ತು: ಇಟ್ಟ ಕಾಲು ಹೂತುಕೊಳ್ಳುತ್ತದೆ, ಮುಂದಿನ ಹೆಜ್ಜೆಗೆ ಅದನ್ನು ಕಿತ್ತು ತೆಗೆಯಬೇಕು, ಮುಂದೆಯೂ ಹೂತುಕೊಳ್ಳುತ್ತದೆ. ಎಲೆಕ್ಟ್ರಾನು ಮತ್ತು ಅದರ ಗುಂಡಿ ಸೇರಿದ ಈ ಜೋಡಿಯೇ ಸಣ್ಣ ಪೋಲರಾನ್. ಕಾಲು ಕೀಳಲು ಬೇಕಾದ ಬಲವೇ ಸಕ್ರಿಯಣ ಶಕ್ತಿ. 1968ರಲ್ಲಿ ನೆವಿಲ್ ಮಾಟ್ ಇದಕ್ಕೆ ಸೂತ್ರ ಕೊಟ್ಟರು. ಅದರಲ್ಲಿ ಅಯಾನುಗಳ ನಡುವಿನ ದೂರ, ಸಕ್ರಿಯಣ ಶಕ್ತಿ, ಮತ್ತು ಕಡಿಮೆ ವೇಲೆನ್ಸಿಯ ಅಯಾನುಗಳ ಪಾಲನ್ನು ಹೆಚ್ಚಿನ ವೇಲೆನ್ಸಿಯವುಗಳ ಪಾಲಿನಿಂದ ಗುಣಿಸಿದ ಪದ ಬರುತ್ತವೆ. ಎಲ್ಲರೂ ಒಂದೇ ವೇಲೆನ್ಸಿಯಲ್ಲಿದ್ದರೆ ಆ ಗುಣಲಬ್ಧ ಸೊನ್ನೆ. ಹಾರಲು ಯಾರಿಗೂ ಖಾಲಿ ಜಾಗವಿಲ್ಲ, ಅಥವಾ ಹಾರುವವರೇ ಇಲ್ಲ. ಅರ್ಧಕ್ಕರ್ಧ ಇದ್ದಾಗ ಅದು ಅತಿ ಹೆಚ್ಚು.

ಎರಡನೆಯ ದಾರಿ ಅಯಾನುಗಳದ್ದು. ಲಿಥಿಯಂ, ಸೋಡಿಯಂ, ಬೆಳ್ಳಿ ಇವು ತಾವೇ ಸರಪಳಿಗಳ ನಡುವೆ ನುಸುಳಿಕೊಂಡು ಸಾಗುತ್ತವೆ.

ಯಾವ ದಾರಿ ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಂದ ಮಾಡಿಸುವ ಪರೀಕ್ಷೆ ಸರಳ. ಬಿಲ್ಲೆಗೆ ಸ್ಥಿರವಾದ ನೇರ ವೋಲ್ಟೇಜ್ ಕೊಟ್ಟು, ಉಷ್ಣತೆ ಬದಲಾಗದಂತೆ ನೋಡಿಕೊಂಡು, ಒಂದು ಗಂಟೆ ಕರೆಂಟ್ ಬರೆದಿಟ್ಟುಕೊಳ್ಳಬೇಕು. ಕರೆಂಟ್ ಕದಲದೆ ನಿಂತರೆ ಎಲೆಕ್ಟ್ರಾನು. ಕ್ಷೀಣಿಸುತ್ತಾ ಹೋದರೆ ಅಯಾನು. ಬೆಳ್ಳಿ ಪೇಸ್ಟನ್ನು ದಾಟಲಾಗದೆ ಸೋಡಿಯಂ ಅಲ್ಲಿಯೇ ಗುಂಪುಗೂಡಿ ಹಿಂದಿನವರನ್ನು ತಡೆಯುತ್ತದೆ. ಆದ್ದರಿಂದ ಅಯಾನ್ ಗಾಜುಗಳನ್ನು ಪರ್ಯಾಯ ವಿದ್ಯುತ್ತಿನಲ್ಲಿ, ಇಂಪಿಡೆನ್ಸ್ ಮಾಪಕದಿಂದಲೇ ಅಳೆಯಬೇಕು. ಆ ಉಪಕರಣ ನಿಮ್ಮಲ್ಲಿ ಇಲ್ಲ, ಮೈಸೂರಿಗೋ ಮಂಗಳೂರಿಗೋ ಮಾದರಿ ಹೊತ್ತು ಹೋಗಬೇಕು ಎಂದಾದರೆ, ದಾರಿಯಲ್ಲಿ ನೀರು ಕುಡಿಯದ ಗಾಜನ್ನೇ ಆರಿಸಿಕೊಳ್ಳಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ವೆನೇಡಿಯಮೋ, ಕಬ್ಬಿಣವೋ

ನಿಜವಾದ ಪೈಪೋಟಿ ಇವೆರಡರ ನಡುವೆಯೇ.

ವೆನೇಡಿಯಂ ಗಾಜು ಅರೆವಾಹಕದಂತೆ ವರ್ತಿಸುತ್ತದೆ ಎಂದು 1954ರಲ್ಲಿ ಡೆಂಟನ್, ರಾಸನ್, ಸ್ಟಾನ್‌ವರ್ತ್ ವರದಿ ಮಾಡಿದಾಗಿನಿಂದ ಇದು ಸಂಶೋಧಕರ ಅಚ್ಚುಮೆಚ್ಚಿನ ಗಾಜು. ಕಾರಣ ಸ್ಪಷ್ಟ. ವೆನೇಡಿಯಂ ಪೆಂಟಾಕ್ಸೈಡ್ ಸುಮಾರು 690 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಬೆರಕೆ 900ರ ಆಸುಪಾಸಿನಲ್ಲಿ ನೀರಾಗುತ್ತದೆ, ಸಾಮಾನ್ಯ ಮಫಲ್ ಕುಲುಮೆ ಸಾಕು. ಹಿತ್ತಾಳೆ ಫಲಕದ ಮೇಲೆ ಸುರಿದು ಇನ್ನೊಂದು ಫಲಕದಿಂದ ಒತ್ತಿದರೆ ಕಪ್ಪಗೆ ಮಿರುಗುವ ತೆಳು ಹಾಳೆ ಸಿಗುತ್ತದೆ. ವೆನೇಡಿಯಂ ಪಾಲು ತೀರ ಹೆಚ್ಚಿರುವ ಗಾಜುಗಳ ವಾಹಕತೆ ಕೋಣೆಯ ಉಷ್ಣತೆಯಲ್ಲಿ ಸೆಂಟಿಮೀಟರಿಗೆ 10⁻⁵ ಸೀಮೆನ್ಸ್ ಮುಟ್ಟುತ್ತದೆ. ಸಕ್ರಿಯಣ ಶಕ್ತಿ 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್.

ಈ ಅಂಕಿಯನ್ನು ನಿಮ್ಮ ಮೇಜಿನ ಮೇಲಿನ ಮೀಟರಿಗೆ ತಂದು ನೋಡಿ. ಒಂದು ಮಿಲಿಮೀಟರ್ ದಪ್ಪ, ಅರ್ಧ ಚದರ ಸೆಂಟಿಮೀಟರ್ ವಿಸ್ತಾರದ ಬಿಲ್ಲೆ ಎಂದಿಟ್ಟುಕೊಳ್ಳಿ. 10⁻⁵ ಸೀಮೆನ್ಸ್ ಆದರೆ ರೋಧ 20 ಕಿಲೋ ಓಮ್. ಎಲೆಕ್ಟ್ರಿಷಿಯನ್ ಕೈಯಲ್ಲಿರುವ ಮಲ್ಟಿಮೀಟರೂ ಅಳೆಯುತ್ತದೆ. ವಾಹಕತೆ 10⁻¹⁰ ಆದರೆ ಅದೇ ಬಿಲ್ಲೆಯ ರೋಧ 2 ಗಿಗಾ ಓಮ್. ನೂರು ವೋಲ್ಟ್ ಕೊಟ್ಟರೂ ಹರಿಯುವುದು 50 ನ್ಯಾನೋ ಆಂಪಿಯರ್. ಅದನ್ನು ಅಳೆಯಲು ಎಲೆಕ್ಟ್ರೋಮೀಟರ್ ಬೇಕು, ಕವಚವಿರುವ ತಂತಿ ಬೇಕು. ಮಳೆಗಾಲದಲ್ಲಿ ಬಿಲ್ಲೆ ಹಿಡಿದ ಹಲಗೆಯ ಮೇಲಿನ ಪಸೆಯಲ್ಲಿ ಹರಿಯುವ ಕರೆಂಟೇ ಅದಕ್ಕಿಂತ ಹೆಚ್ಚಾಗಬಹುದು. ಕಬ್ಬಿಣದ ಫಾಸ್ಫೇಟ್ ಗಾಜು ಇರುವುದು ಈ ಎರಡನೆಯ ಗುಂಪಿನಲ್ಲಿ. ವೆನೇಡಿಯಂ ಹೆಚ್ಚಿರುವ ಗಾಜಿಗಿಂತ ಅದರ ವಾಹಕತೆ ಹತ್ತಾರು ಸಾವಿರ ಪಟ್ಟು ಕಡಿಮೆ, ಸಕ್ರಿಯಣ ಶಕ್ತಿ 0.6ರಿಂದ 0.7ರ ಮಟ್ಟದಲ್ಲಿ.

ಇದರಿಂದ ಇನ್ನೊಂದು ಪರಿಣಾಮವೂ ಇದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿ ಮಾಡಿದಾಗ 0.4 ಎಲೆಕ್ಟ್ರಾನ್ ವೋಲ್ಟಿನ ಗಾಜಿನ ವಾಹಕತೆ ಸುಮಾರು 18 ಪಟ್ಟು ಏರುತ್ತದೆ; 0.7ರ ಗಾಜಿನದು ಸುಮಾರು 150 ಪಟ್ಟು. ಅಂದರೆ ಕಬ್ಬಿಣದ ಗಾಜನ್ನು ಕೋಣೆಯ ಉಷ್ಣತೆಯಲ್ಲಿ ಹಿಡಿಯಲಾಗದಿದ್ದರೂ 150–250 ಡಿಗ್ರಿಯಲ್ಲಿ ಆರಾಮವಾಗಿ ಅಳೆಯಬಹುದು. ಆ ಬಿಸಿಯಲ್ಲಿ ಮೇಲ್ಮೈಯ ನೀರಿನ ಕಾಟವೂ ಇರುವುದಿಲ್ಲ. ನಾನು ಕಬ್ಬಿಣದ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಮುಖ್ಯ ಕಾರಣ ನೀರು. ಫಾಸ್ಫೇಟ್ ಗಾಜನ್ನು ನೀರು ತಿನ್ನುವುದು ರಂಜಕ–ಆಮ್ಲಜನಕ–ರಂಜಕ ಸೇತುವೆಯನ್ನು ಕಡಿದು. 40 ಫೆರಿಕ್ ಆಕ್ಸೈಡ್, 60 ರಂಜಕದ ಪೆಂಟಾಕ್ಸೈಡ್ ಸಂಯೋಜನೆಯಲ್ಲಿ ಆ ಸೇತುವೆಗಳು ಕಡಿಮೆ, ಅವುಗಳ ಜಾಗದಲ್ಲಿ ಕಬ್ಬಿಣ–ಆಮ್ಲಜನಕ–ರಂಜಕ ಬೆಸುಗೆಗಳಿವೆ. ಈ ಬೆಸುಗೆಯನ್ನು ನೀರು ಸುಲಭಕ್ಕೆ ಬಿಡಿಸಲಾರದು. ಅಮೆರಿಕದ ಮಿಸೌರಿಯಲ್ಲಿ ಡೆಲ್ಬರ್ಟ್ ಡೇ ಅವರ ತಂಡ ಇದೇ ಸಂಯೋಜನೆಯ ಸುತ್ತ ವರ್ಷಗಟ್ಟಲೆ ಕೆಲಸ ಮಾಡಿ, ಪರಮಾಣು ತ್ಯಾಜ್ಯವನ್ನು ಬಂಧಿಸಿಡಲು ಬಳಸಬಹುದು ಎಂದು ತೋರಿಸಿತು. ತ್ಯಾಜ್ಯಕ್ಕೆ ಸಾಮಾನ್ಯವಾಗಿ ಬಳಸುವ ಬೋರೋಸಿಲಿಕೇಟ್ ಗಾಜಿಗೆ ಸರಿಸಮನಾಗಿ ನಿಲ್ಲುವ ಗಾಜು ಇದು. ಮಡಿಕೇರಿಯ ಜುಲೈ ಅದಕ್ಕೆ ಲೆಕ್ಕಕ್ಕಿಲ್ಲ. ಹೋದ ಮಳೆಗಾಲ ನಾನು ಬೇಕೆಂದೇ ಒಂದು ಕಬ್ಬಿಣದ ಬಿಲ್ಲೆಯನ್ನು ಕಿಟಕಿಯ ಪಕ್ಕ ತೆರೆದಿಟ್ಟೆ. ಕೈಲ್‌ಪೊದ್ ಹಬ್ಬ (ಸೆಪ್ಟೆಂಬರ್ ಮೊದಲ ವಾರ) ಮುಗಿದ ಮೇಲೆ ಎತ್ತಿ ನೋಡಿದಾಗ ಅಂಚಿನ ಚೂಪು ಕೂಡ ಹಾಗೆಯೇ ಇತ್ತು.

ಮೂರನೆಯ ಕಾರಣ ರಸಾಯನ ಪ್ರಯೋಗಾಲಯ. ಮಾಟ್ ಸೂತ್ರ ಬಳಸಬೇಕಾದರೆ ಎರಡು ವೇಲೆನ್ಸಿಗಳ ಪಾಲು ಗೊತ್ತಿರಲೇಬೇಕು. ಗಾಳಿಯಲ್ಲಿ ಕರಗಿಸಿದರೂ ಸುಮಾರು 1150 ಡಿಗ್ರಿಯಲ್ಲಿ ಕಬ್ಬಿಣದ ಐದನೆಯ ಒಂದು ಪಾಲಿನಷ್ಟು ಫೆರಸ್ (ಕಡಿಮೆ ವೇಲೆನ್ಸಿಯ ಕಬ್ಬಿಣ) ಆಗಿಬಿಡುತ್ತದೆ. ಅದನ್ನು ತಿಳಿಯಲು ಮಾಸ್‌ಬಾವರ್ ರೋಹಿತಮಾಪಕವಿದ್ದರೆ ಶ್ರೇಷ್ಠ, ಆದರೆ ಪದವಿ ಕಾಲೇಜಿನ ಎಲ್ಲ ಮಕ್ಕಳೂ ಮಾಡಿರುವ ಡೈಕ್ರೋಮೇಟ್ ಟೈಟ್ರೇಶನ್ ಕೂಡ ಉತ್ತರ ಕೊಡುತ್ತದೆ. ಗಾಜನ್ನು ಬಿಸಿ ಆಮ್ಲದಲ್ಲಿ, ಗಾಳಿ ತಾಗದಂತೆ ಕರಗಿಸಿಕೊಂಡರೆ ಆಯಿತು. ವೆನೇಡಿಯಂಗೂ ಪರ್ಮ್ಯಾಂಗನೇಟ್ ದಾರಿ ಇದೆ, ಆದರೆ ಎರಡು ಹಂತ, ಹೆಚ್ಚು ಕೈಚಳಕ ಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ಅರ್ಧಕ್ಕರ್ಧದಲ್ಲಿ ವಾಹಕತೆ ಅತಿ ಹೆಚ್ಚು ಎಂಬ ಸೂತ್ರದ ಮಾತು ವೆನೇಡಿಯಂ ಫಾಸ್ಫೇಟಿನಲ್ಲಿ ನಿಲ್ಲುವುದಿಲ್ಲ. ಅಳತೆಯಲ್ಲಿ ಕಂಡ ಶಿಖರ, ನಾಲ್ಕರ ವೇಲೆನ್ಸಿಯ ಪಾಲು 0.1ರಿಂದ 0.2 ಇರುವಾಗಲೇ ಬರುತ್ತದೆ. ಇದನ್ನು ತಿಳಿಯದೆ ಲೆಕ್ಕ ಹೊಂದಲಿಲ್ಲವೆಂದು ಅಂಕಿ ತಿದ್ದಲು ಹೊರಟ ಮಕ್ಕಳನ್ನು ನಾನು ತಡೆದಿದ್ದೇನೆ. ಅಳತೆ ಸರಿಯಾಗಿಯೇ ಇತ್ತು.

ವೆನೇಡಿಯಂ ಪುಡಿ ಶ್ವಾಸಕೋಶಕ್ಕೆ ಕೇಡು. ಫ್ಯೂಮ್ ಹುಡ್, ಮುಖಗವಸು, ಕೈಗವಸು ಇಲ್ಲದ ಕಡೆ ಅದನ್ನು ಮುಟ್ಟಲೇ ಬೇಡಿ. ಕಬ್ಬಿಣದ ತೊಂದರೆ ಬೇರೆ: ಅದಕ್ಕೆ 1100 ಡಿಗ್ರಿಗಿಂತ ಮೇಲಿನ ಕುಲುಮೆ ಬೇಕು, ಎರಡು ಗಂಟೆ ಅಲ್ಲಿಯೇ ನಿಲ್ಲಿಸಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವ ದಿನಗಳಲ್ಲಿ ಅರ್ಧ ಕರಗಿದ ಮೂಸೆ ಕುಲುಮೆಯೊಳಗೇ ತಣ್ಣಗಾಗಿ ಹರಳುಗಟ್ಟುತ್ತದೆ, ಮೂಸೆಯೂ ಹೋಗುತ್ತದೆ. ಕಬ್ಬಿಣ ಆರಿಸಿದವರು ಕರಗಿಸುವ ಕೆಲಸವನ್ನು ಪುತ್ತರಿ ಹಬ್ಬದ (ನವೆಂಬರ್–ಡಿಸೆಂಬರ್) ನಂತರಕ್ಕೆ ಇಟ್ಟುಕೊಳ್ಳಲಿ. ಅಳತೆಯನ್ನು ಯಾವ ತಿಂಗಳಲ್ಲಾದರೂ ಮಾಡಬಹುದು.

ನನ್ನ ತೀರ್ಪು ಹೀಗೆ. ಆರು ತಿಂಗಳ ಪ್ರಾಜೆಕ್ಟ್, ಸುರಕ್ಷತೆಯ ವ್ಯವಸ್ಥೆ ಸರಿಯಿದೆ, ವಿದ್ಯುತ್ ಅಳತೆಯೇ ಮುಖ್ಯ, ಉಪಕರಣ ಸಾಧಾರಣ ಎಂದಾದರೆ ವೆನೇಡಿಯಂ, ಅದೂ 50 ಮೋಲ್ ಶೇಕಡಕ್ಕಿಂತ ಹೆಚ್ಚು. ರಚನೆ ಮತ್ತು ವಾಹಕತೆ ಎರಡನ್ನೂ ಒಂದೇ ಮಾದರಿಯಲ್ಲಿ ನಂಬಿಕೆಯಿಂದ ಹೇಳಬೇಕು, ಮುಂದಿನ ವರ್ಷ ಬರುವ ವಿದ್ಯಾರ್ಥಿಗೂ ಅದೇ ಬಿಲ್ಲೆ ಉಳಿದಿರಬೇಕು ಎಂದಾದರೆ ಕಬ್ಬಿಣ. ಮೊದಲ ಬಾರಿ ಮಾಡುವವರಿಗೆ ನಾನು ಕಬ್ಬಿಣವನ್ನೇ ಹೇಳುತ್ತೇನೆ.

ಲಿಥಿಯಂ, ಸೋಡಿಯಂ: ಬ್ಯಾಟರಿಯ ಆಸೆ

ಮೊಬೈಲ್ ಕಾಲದ ಮಕ್ಕಳು ಲಿಥಿಯಂ ಎಂದೊಡನೆ ಬ್ಯಾಟರಿ ಎನ್ನುತ್ತಾರೆ. ಆಸೆ ತಪ್ಪಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಲಿಥಿಯಂ ಫಾಸ್ಫೇಟಿಗೆ ಸಾರಜನಕ ಸೇರಿಸಿ ಮಾಡಿದ ಲಿಪಾನ್ ಎಂಬ ತೆಳು ಪದರ, ಘನ ವಿದ್ಯುದ್ವಿಚ್ಛೇದ್ಯವಾಗಿ ಇಂದಿಗೂ ಬಳಕೆಯಲ್ಲಿದೆ. ಅದರ ವಾಹಕತೆ ಸೆಂಟಿಮೀಟರಿಗೆ 10⁻⁶ ಸೀಮೆನ್ಸ್ ಮಟ್ಟದ್ದು. ಆದರೆ ಅದು ನಿರ್ವಾತದಲ್ಲಿ ಬೆಳೆಸುವ ಪದರ. ಮೂಸೆಯಲ್ಲಿ ಸುರಿದು ಸಿಗುವುದಲ್ಲ. ನಾವು ಸುರಿಯುವ ಸಾದಾ ಲಿಥಿಯಂ ಅಥವಾ ಸೋಡಿಯಂ ಮೆಟಾಫಾಸ್ಫೇಟ್ (ಅನುಪಾತ 3ರ, ಸರಪಳಿಯ) ಗಾಜು ಅದಕ್ಕಿಂತ ಬಹಳ ಕೆಳಗೆ ಇರುತ್ತದೆ.

ಇವುಗಳ ಒಳ್ಳೆಯ ಗುಣ: ಕಡಿಮೆ ಬಿಸಿಗೆ ಕರಗುತ್ತವೆ, ಬಣ್ಣವಿಲ್ಲ, ಸರಪಳಿಯ ರಚನೆ ಪಠ್ಯಪುಸ್ತಕದಷ್ಟು ಸ್ವಚ್ಛ. ಕೆಟ್ಟ ಗುಣವನ್ನು ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ, ಇವನ್ನು ಮಾಡಿ ಅಳೆದು ಮುಗಿಸಬಹುದು. ಕಣದಲ್ಲಿ ಕಾಫಿ ಹರವಿದವರು ಆಕಾಶ ನೋಡುತ್ತಲೇ ಇರುತ್ತಾರಲ್ಲ, ಹಾಗೆಯೇ ಇಲ್ಲೂ: ಹೂಮಳೆ ಬಂತೆಂದರೆ ಬಿಲ್ಲೆಗಳು ಡೆಸಿಕೇಟರಿಗೆ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಆ ದಿನವೇ ಒಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿ. ಕುಶಾಲನಗರದ ಕಡೆ ಇರುವವರಿಗೆ ಸ್ವಲ್ಪ ಹೆಚ್ಚು ಕಾಲಾವಕಾಶ ಸಿಗುತ್ತದೆ, ಅಲ್ಲಿ ಮಳೆ ಮಡಿಕೇರಿಗಿಂತ ಬಹಳ ಕಡಿಮೆ.

ಸೋಡಿಯಂ ಮತ್ತು ವೆನೇಡಿಯಂ ಎರಡನ್ನೂ ಸೇರಿಸಿದರೆ ಎರಡು ಬಗೆಯ ವಹನವೂ ಕೂಡಿ ವಾಹಕತೆ ಏರಬೇಕು ಎಂದು ತೋರುತ್ತದೆ. ಆಗುವುದು ಬೇರೆ. ವೆನೇಡಿಯಂ ಜಾಗದಲ್ಲಿ ಸೋಡಿಯಂ ಹೆಚ್ಚಿದಂತೆ ವಾಹಕತೆ ಮೊದಲು ಪಾತಾಳಕ್ಕೆ ಇಳಿದು, ಆಮೇಲೆ ಅಯಾನುಗಳ ಬಲದಿಂದ ಏರುತ್ತದೆ. ಹಾರುವ ಎಲೆಕ್ಟ್ರಾನೂ ನುಸುಳುವ ಅಯಾನೂ ಒಂದನ್ನೊಂದು ಎಳೆದು ಹಿಡಿದುಕೊಳ್ಳುತ್ತವೆ ಎಂಬುದು ಒಂದು ವಿವರಣೆ. ಎರಡನೆಯ ಪ್ರಾಜೆಕ್ಟ್ ಮಾಡುವವರಿಗೆ ಇದಕ್ಕಿಂತ ಸೊಗಸಾದ ವಿಷಯ ಸಿಗಲಿಕ್ಕಿಲ್ಲ. ಮೊದಲನೆಯದಕ್ಕೆ ಬೇಡ.

ತಾಮ್ರ, ಸತು, ಉಳಿದವು

ಬೋರ್ಡೋ ದ್ರಾವಣ ಕಲಸಿದ ಕೈಗಳಿಗೆ ಮೈಲುತುತ್ತದ ನೀಲಿ ಚೆನ್ನಾಗಿ ಗೊತ್ತು. ತಾಮ್ರದ ಫಾಸ್ಫೇಟ್ ಗಾಜಿನ ನೀಲಿ-ಹಸಿರೂ ಅದೇ ಕ್ಯುಪ್ರಿಕ್ (ಹೆಚ್ಚಿನ ವೇಲೆನ್ಸಿಯ ತಾಮ್ರ) ಅಯಾನಿನದು. ಹೆಚ್ಚು ಬಿಸಿಯಲ್ಲಿ ಕರಗಿಸಿದರೆ ಒಂದಿಷ್ಟು ತಾಮ್ರ ಆಮ್ಲಜನಕ ಬಿಟ್ಟು ಕ್ಯುಪ್ರಸ್ ಆಗುತ್ತದೆ, ಅದಕ್ಕೆ ಬಣ್ಣವಿಲ್ಲ. ಹಾಗಾಗಿ ಬಣ್ಣದ ತೀವ್ರತೆಯಿಂದಲೇ ವೇಲೆನ್ಸಿಯ ಅಂದಾಜು ಸಿಗುತ್ತದೆ. ಬೆಳಕಿನ ರೋಹಿತಮಾಪಕ ಮಾತ್ರ ಇರುವ ಕಾಲೇಜಿಗೆ ತಾಮ್ರ ಒಳ್ಳೆಯ ಆಯ್ಕೆ. ವಿದ್ಯುತ್ ಅಳತೆಗೆ ಅದು ವೆನೇಡಿಯಂನಷ್ಟು ಉದಾರಿಯಲ್ಲ.

ಸತುವಿಗೆ ಒಂದೇ ವೇಲೆನ್ಸಿ. ಹಾರುವವರು ಇಲ್ಲ, ಗಾಜು ನಿರೋಧಕ. ವಾಹಕತೆಯ ಪ್ರಾಜೆಕ್ಟಿಗೆ ಇದನ್ನು ಒಂಟಿಯಾಗಿ ಆರಿಸಿದರೆ ಅಳೆಯಲು ಏನೂ ಸಿಗುವುದಿಲ್ಲ. ಆದರೆ ಸೋಡಿಯಂ ಗಾಜಿಗೆ ಸತು ಸೇರಿಸಿದರೆ ಅದು ಸರಪಳಿಗಳನ್ನು ಅಡ್ಡಡ್ಡ ಹೊಲಿದು ನೀರಿಗೆ ನಿಲ್ಲುವಂತೆ ಮಾಡುತ್ತದೆ. ಟೈಟಾನಿಯಂ ಕೂಡ ಸ್ವಲ್ಪ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತದೆ. ಮಾಲಿಬ್ಡಿನಂ, ಟಂಗ್‌ಸ್ಟನ್ ಗಾಜುಗಳು ಗಾಢ ನೀಲಿಯಾಗಿ ಬಹಳ ಚಂದ, ದುಬಾರಿ. ಬೆಳ್ಳಿಯದು ಅಯಾನ್ ವಹನದಲ್ಲಿ ಎಲ್ಲಕ್ಕಿಂತ ಮುಂದೆ: ಬೆಳ್ಳಿ ಅಯೊಡೈಡ್ ಸೇರಿಸಿದ ಬೆಳ್ಳಿ ಫಾಸ್ಫೇಟ್ ಗಾಜು ಕೋಣೆಯ ಉಷ್ಣತೆಯಲ್ಲಿ 10⁻² ಸೀಮೆನ್ಸ್ ಮಟ್ಟವನ್ನು ಮುಟ್ಟುತ್ತದೆ. ಬೆಳಕಿಗೆ ಕಪ್ಪಾಗುವ ಅದರ ಗುಣ ಮತ್ತು ಇಂದಿನ ಬೆಳ್ಳಿಯ ದರ ನೋಡಿ ಮುಂದುವರಿಯಿರಿ. ಸೀಸ ಬೇಡ. ವಿಷ ಎಂಬ ಒಂದೇ ಕಾರಣ ಸಾಕು.

ಕರಗಿಸುವಾಗ

ರಂಜಕದ ಪೆಂಟಾಕ್ಸೈಡನ್ನು ನೇರವಾಗಿ ತೂಗಲು ಹೋಗಬೇಡಿ. ಡಬ್ಬಿ ತೆರೆದ ಕ್ಷಣ ಅದು ಕೊಡಗಿನ ಗಾಳಿಯನ್ನೇ ಕುಡಿಯತೊಡಗುತ್ತದೆ, ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಎಲ್ಲರೂ ಬಳಸುವ ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ ಸಾಕು; ತೋಟಕ್ಕೆ ಹಾಕುವ ಡಿಎಪಿಯ ಹತ್ತಿರದ ನೆಂಟ, ಪ್ರಯೋಗಾಲಯದ ಶುದ್ಧಿಯದು. 40–60 ಕಬ್ಬಿಣದ ಗಾಜು 10 ಗ್ರಾಂ ಬೇಕಿದ್ದರೆ 4.29 ಗ್ರಾಂ ಫೆರಿಕ್ ಆಕ್ಸೈಡ್, 9.26 ಗ್ರಾಂ ಈ ಲವಣ. ಕೂಡಿದರೆ 13.55, ಹೆಚ್ಚಿನ 3.55 ಗ್ರಾಂ ಅಮೋನಿಯ ಮತ್ತು ನೀರಾಗಿ ಹಾರಿಹೋಗುತ್ತದೆ. ಅದು ಹೋಗುವ ರೀತಿ ಮಾತ್ರ ಗಂಜಿ ಉಕ್ಕಿದಂತೆ. ಮೂಸೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ, 300ರಿಂದ 400 ಡಿಗ್ರಿಯಲ್ಲಿ ಎರಡು ಗಂಟೆ ನಿಲ್ಲಿಸಿ, ಮೂಗಿಗೆ ಅಮೋನಿಯ ಬಡಿಯುವುದು ನಿಂತ ಮೇಲೆ ಮುಂದೆ ಏರಿಸಿ. ತಣ್ಣಗಾದ ಮೇಲೆ ಮೂಸೆಯನ್ನು ತೂಗಿ 3.55ರ ಹತ್ತಿರ ಇಳಿದಿದೆಯೇ ಎಂದು ನೋಡಿ. ಅದಕ್ಕಿಂತ ತುಂಬ ಹೆಚ್ಚು ಇಳಿದಿದ್ದರೆ ರಂಜಕವೂ ಹಾರಿದೆ, ನಿಮ್ಮ ಸಂಯೋಜನೆ ಕಾಗದದ ಮೇಲಿನದಲ್ಲ.

ಅರ್ಧ ಗಂಟೆ ಕರಗಿಸಿದ ಗಾಜು, ಎರಡು ಗಂಟೆ ಕರಗಿಸಿದ ಗಾಜು ಒಂದೇ ಅಲ್ಲ. ಉಳಿದ ಹೈಡ್ರಾಕ್ಸಿಲ್ ಸರಪಳಿಗಳನ್ನು ತುಂಡರಿಸಿ ಮೃದುಗೊಳಿಸುತ್ತದೆ. ಹೋಲಿಸುವ ಎಲ್ಲ ಮಾದರಿಗಳಿಗೂ ಒಂದೇ ಹೊತ್ತು ಕೊಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಅವರ ತಂಡ 1990ರ ದಶಕದಲ್ಲಿ ಮೈಕ್ರೋವೇವ್ ಒಲೆಯಲ್ಲಿಯೇ ಕೆಲವೇ ನಿಮಿಷಗಳಲ್ಲಿ ಫಾಸ್ಫೇಟ್ ಗಾಜು ಮಾಡಿ ತೋರಿಸಿತ್ತು. ಆ ದಾರಿ ಹಿಡಿಯುವವರು ಅನುಭವಿಗಳ ಜೊತೆ ಸೇರಿಯೇ ಮಾಡಲಿ. ಸಾಂದ್ರತೆಯನ್ನು ಆರ್ಕಿಮಿಡೀಸ್ ವಿಧಾನದಲ್ಲಿ ಅಳೆಯುವಾಗ ನೀರು ಬೇಡ, ಟಾಲೀನ್ ಅಥವಾ ಕ್ಸೈಲೀನ್ ಇರಲಿ.

ತೋಟದವರ ಪ್ರಶ್ನೆ

ಒಬ್ಬ ವಿದ್ಯಾರ್ಥಿಯ ತಂದೆ, ಸೋಮವಾರಪೇಟೆ ಕಡೆಯ ಬೆಳೆಗಾರರು, ಮಗಳ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಕೇಳಿದರು: "ಇದು ಫಾಸ್ಫೇಟೇ ಆದರೆ ಗಿಡಕ್ಕೆ ಹಾಕಬಹುದಲ್ಲವೇ? ನಾವು ಹಾಕಿದ್ದೆಲ್ಲ ಮಳೆಗೆ ಕೊಚ್ಚಿಹೋಗುತ್ತದೆ." ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಿಧಾನವಾಗಿ ಕರಗುವ ಗಾಜಿನ ಗೊಬ್ಬರ ಎಂಬುದು ಜಗತ್ತಿಗೆ ಹೊಸದೇನಲ್ಲ, ಮತ್ತು ಈ ಇಡೀ ಬರಹದಲ್ಲಿ ದೋಷವೆಂದು ಹೇಳಿದ ಗುಣವೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಆರಿಸಬೇಕಾದ ಆಕ್ಸೈಡುಗಳು ಬೇರೆ: ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಮುಖ್ಯ, ಕಾಫಿ ಗಿಡಕ್ಕೆ ಬೇಕಾಗುವ ಸತು ಸ್ವಲ್ಪ. ಪೊಟ್ಯಾಸಿಯಂ ಹೆಚ್ಚಿದರೆ ಬೇಗ ಕರಗುತ್ತದೆ, ಕ್ಯಾಲ್ಸಿಯಂ ಹೆಚ್ಚಿದರೆ ತಡವಾಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಎರಡೂ ಬೇಗವಾಗುತ್ತವೆ.

ಇದಕ್ಕೆ ಎಲೆಕ್ಟ್ರೋಮೀಟರ್ ಬೇಡ, ಇಂಪಿಡೆನ್ಸ್ ಮಾಪಕ ಬೇಡ. ಆಮ್ಲಜನಕ–ರಂಜಕ ಅನುಪಾತವನ್ನು 3ರಲ್ಲೇ ಇಟ್ಟು, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಪಾಲನ್ನು ಮಾತ್ರ ಬದಲಿಸಿದ ಐದು ಗಾಜುಗಳನ್ನು ಒಂದೇ ಗಾತ್ರದ ಕಾಳಾಗುವಂತೆ ಪುಡಿಮಾಡಿ ಜರಡಿ ಹಿಡಿಯಿರಿ. ಐದು ಸೀಸೆಗಳಲ್ಲಿ ಒಂದೇ ಅಳತೆಯ ಮಳೆನೀರು, ಅಂಗಳದಲ್ಲಿ ಹಿಡಿದದ್ದು. ವಾರಕ್ಕೊಮ್ಮೆ ನೀರಿನ ವಾಹಕತೆಯನ್ನು ಸಾಮಾನ್ಯ ಕಂಡಕ್ಟಿವಿಟಿ ಮೀಟರಿನಿಂದ ಓದಿ, ಕಾಳನ್ನು ಒಣಗಿಸಿ ತೂಗಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಡಿ. ಜೊತೆಗೆ ಆರನೆಯ ಸೀಸೆಯೊಂದರಲ್ಲಿ ಗಾಜಿಲ್ಲದ ಬರಿಯ ಮಳೆನೀರು ಇರಲಿ. ಸೀಸೆ, ಧೂಳು, ಪಾಚಿ ಸೇರಿ ಕೊಡುವ ವಾಹಕತೆ ಎಷ್ಟೆಂದು ಅದರಿಂದಲೇ ಕಳೆಯಬೇಕು. ಆ ಹುಡುಗಿ ಈ ಕೆಲಸವನ್ನು ಮುಂದಿನ ಜೂನ್‌ನಲ್ಲಿ ಶುರುಮಾಡುತ್ತಿದ್ದಾಳೆ. ಪೊಟ್ಯಾಸಿಯಂ ಕಾರ್ಬೊನೇಟ್ ಡಬ್ಬಿ ಈಗಾಗಲೇ ಡೆಸಿಕೇಟರಿನಲ್ಲಿದೆ.